ರೂಟ್ ಕೆನಾಲ್: ಒಂದೇ ಸಲಕ್ಕೋ, ಮೂರು ಸಲಕ್ಕೋ?

"ರೂಟ್ ಕೆನಾಲ್ ಮಾಡಬೇಕು, ಮೂರು ಸಲ ಬನ್ನಿ" ಎಂದು ಹಲ್ಲಿನ ಡಾಕ್ಟರು ಹೇಳಿದರೆ ನಮಗೆ ಮೊದಲು ನೆನಪಾಗುವುದು ಬಸ್ ಚಾರ್ಜು, ತಪ್ಪಿಹೋಗುವ ಮೂರು ದಿನದ ಕೂಲಿ. ಬೇರೆಯವರಿಗೆ ಒಂದೇ ದಿನದಲ್ಲಿ ಮುಗಿಯಿತಂತೆ, ನಮಗ್ಯಾಕೆ ಮೂರು ಸಲ? ಈ ಪ್ರಶ್ನೆ ನೂರು ವರ್ಷಕ್ಕೂ ಹಳೆಯದು.

ಹಲ್ಲಿನೊಳಗೆ ನರ, ರಕ್ತನಾಳಗಳಿರುವ ಮೆತ್ತನೆಯ ತಿರುಳಿದೆ. ಹುಳುಕು ಅಲ್ಲಿಗೆ ಮುಟ್ಟಿದರೆ ತಿರುಳು ಕೊಳೆತು, ಬೇರಿನ ತುದಿಯಲ್ಲಿ ಕೀವು ಕಟ್ಟುತ್ತದೆ. ತಿರುಳು ತೆಗೆದು, ಬೇರಿನ ನಾಳ ತೊಳೆದು, ಭದ್ರವಾಗಿ ಮುಚ್ಚುವುದೇ ರೂಟ್ ಕೆನಾಲ್.

ಮೊದಲು ಹಲವು ಸಲ ಹೋಗಬೇಕಾಗಿದ್ದಕ್ಕೆ ಕಾರಣ ನೋವು. ಆಗ ಮರಗಟ್ಟಿಸುವ ಇಂಜೆಕ್ಷನ್ ಇರಲಿಲ್ಲ. 1836ರಲ್ಲಿ ಅಮೆರಿಕದ ಸ್ಪೂನರ್ ಎಂಬ ದಂತವೈದ್ಯರು ನರ ಸಾಯಿಸಲು ಆರ್ಸೆನಿಕ್ ವಿಷ ಬಳಸಲು ಸೂಚಿಸಿದರು. ವಿಷ ಇಟ್ಟು, ನರ ಸಾಯುವವರೆಗೆ ಕಾಯಬೇಕಿತ್ತು. ಎರಡು ವರ್ಷಗಳ ಬಳಿಕ ಮೇನಾರ್ಡ್ ಎಂಬವರು ಗಡಿಯಾರದ ಸ್ಪ್ರಿಂಗ್ ಉಜ್ಜಿ, ನಾಳ ಶುಚಿ ಮಾಡುವ ಸಣ್ಣ ಸಾಧನ ತಯಾರಿಸಿದರು. 1867ರ ಹೊತ್ತಿಗೆ ನಾಳ ತುಂಬಲು ಗಟ್ಟಾಪರ್ಚಾ ಬಂತು. ಅದು ಮಲಯ ಸೀಮೆಯ ಮರದ ಹಾಲು, ಇವತ್ತಿಗೂ ಬಳಕೆಯಲ್ಲಿದೆ. 1884ರ ನಂತರ ಮರಗಟ್ಟಿಸುವ ಔಷಧಿ ಬಂದು, ನೋವಿಗಾಗಿ ಕಾಯುವುದು ತಪ್ಪತೊಡಗಿತು.

ಆದರೆ ಅಷ್ಟರಲ್ಲಿ ರೋಗಾಣುವಿನ ಭಯ ಶುರುವಾಯಿತು. 1910ರಲ್ಲಿ ಬ್ರಿಟನ್ನಿನ ವೈದ್ಯ ವಿಲಿಯಂ ಹಂಟರ್ ಕೆನಡಾದಲ್ಲಿ ಭಾಷಣ ಮಾಡಿ, ಬಾಯೊಳಗಿನ ಸೋಂಕೇ ದೇಹದ ಎಷ್ಟೋ ಕಾಯಿಲೆಗಳ ಮೂಲ ಎಂದರು. ಮುಂದಿನ ದಶಕಗಳಲ್ಲಿ ಉಳಿಸಬಹುದಾಗಿದ್ದ ಹಲ್ಲುಗಳನ್ನೂ ಕಿತ್ತುಹಾಕಲಾಯಿತು. ಹಲ್ಲು ಉಳಿಸಲು ಹೊರಟ ವೈದ್ಯರು ವಿಪರೀತ ಎಚ್ಚರ ವಹಿಸಿದರು. ನಾಳದಲ್ಲಿ ಔಷಧಿ ಇಟ್ಟು ಕಳಿಸುವುದು, ಒಳಗಿನ ದ್ರವ ತೆಗೆದು ರೋಗಾಣು ಬೆಳೆಯುತ್ತದೆಯೇ ಎಂದು ಪರೀಕ್ಷಿಸುವುದು, ಬೆಳೆಯದಿದ್ದರೆ ಮಾತ್ರ ಮುಚ್ಚುವುದು. ಹೀಗೆ ಮೂರು-ನಾಲ್ಕು ಸಲದ ಪದ್ಧತಿ ಬೇರೂರಿತು.

1988ರಲ್ಲಿ ನಿಕಲ್-ಟೈಟಾನಿಯಂ ತಂತಿಯ ಸಾಧನಗಳ ಬಗ್ಗೆ ವರದಿ ಬಂತು. ಬಾಗಿದ ಬೇರಿನೊಳಗೂ ಬಳುಕಿ ಸಾಗುವ ಇವನ್ನು ಮುಂದೆ ಯಂತ್ರಕ್ಕೆ ಜೋಡಿಸಲಾಯಿತು. ಕೆಲಸ ಬೇಗ ಮುಗಿಯತೊಡಗಿ, ಒಂದೇ ಸಲದ ಚಿಕಿತ್ಸೆ ಹೆಚ್ಚಿತು.

ಯಾವುದು ಮೇಲು? 2022ರಲ್ಲಿ ಕಾಕ್ರೇನ್ ಸಂಸ್ಥೆ 47 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿತು. ಹಲ್ಲು ವಾಸಿಯಾಗುವುದರಲ್ಲಿ ಎರಡಕ್ಕೂ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಒಂದೇ ಸಲದಲ್ಲಿ ಮುಗಿಸಿದವರಿಗೆ ಮೊದಲ ವಾರ ನೋವು ತುಸು ಹೆಚ್ಚಿರಬಹುದು, ಅಷ್ಟೆ.

ಹಾಗೆಂದು ಮೂರು ಸಲ ಕರೆಯುವ ಡಾಕ್ಟರು ದುಡ್ಡಿಗಾಗಿ ಕರೆಯುತ್ತಾರೆ ಎನ್ನಬೇಡಿ. ಕೀವು ಒಸರುತ್ತಲೇ ಇದ್ದರೆ, ನಾಳ ಒಣಗದಿದ್ದರೆ, ಬೇರು ತೊಡಕಾಗಿದ್ದರೆ ಅದೇ ದಿನ ಮುಚ್ಚಲಾಗದು. "ನನ್ನ ಹಲ್ಲಿಗೆ ಎಷ್ಟು ಸಲ, ಯಾಕೆ?" ಎಂದು ಮೊದಲೇ ಕೇಳಿ. ದೂರದೂರಿಂದ ಬರುವುದನ್ನೂ ಹೇಳಿ.

ನಿಜವಾದ ಅಪಾಯ ಬೇರೆಯೇ ಇದೆ. ಮೊದಲ ಸಲಕ್ಕೇ ನೋವು ಹೋಗುತ್ತದೆ, ಕೆಲಸದ ಗಡಿಬಿಡಿಯಲ್ಲಿ ಎರಡನೇ ಸಲ ಹೋಗುವುದಿಲ್ಲ. ಮೇಲೆ ಹಾಕಿದ್ದು ತಾತ್ಕಾಲಿಕ ಸಿಮೆಂಟು. ಅದು ಸವೆದರೆ ರೋಗಾಣು ಮತ್ತೆ ಒಳಗೆ ಇಳಿಯುತ್ತದೆ. ಒಂದು ಸಲವೋ ಮೂರು ಸಲವೋ, ಅರ್ಧಕ್ಕೆ ಬಿಟ್ಟ ಹಲ್ಲು ಮಾತ್ರ ಉಳಿಯುವುದು ಕಷ್ಟ.