ಎಲೆಕ್ಟ್ರಾನಿಕ್ ತಂಬೂರಿ

ಎಲೆಕ್ಟ್ರಾನಿಕ್ ತಂಬೂರಿಯು ತಂತಿಯ ತಂಬೂರಿಯ ನಾದವನ್ನು ವಿದ್ಯುನ್ಮಾನ ಉಪಕರಣದ ಮೂಲಕ ಹೊರಡಿಸುವ ಶ್ರುತಿವಾದ್ಯ. ಬೆಂಗಳೂರಿನ ಎಂಜಿನಿಯರ್ ಹಾಗೂ ಕೊಳಲು ವಾದಕರಾದ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಇದನ್ನು ರೂಪಿಸಿದರು. ಅವರು ಸ್ಥಾಪಿಸಿದ ರಾಡೆಲ್ ಸಂಸ್ಥೆಯು ಇಂತಹ ವಾದ್ಯಗಳನ್ನು ತಯಾರಿಸುತ್ತದೆ. ಕರ್ನಾಟಕ ಮತ್ತು ಹಿಂದೂಸ್ತಾನಿ ಪದ್ಧತಿಗಳೆರಡರಲ್ಲಿಯೂ ಅಭ್ಯಾಸಕ್ಕೆ, ಪಾಠಕ್ಕೆ ಹಾಗೂ ಕಛೇರಿಗೆ ಇದು ಬಳಕೆಯಲ್ಲಿದೆ. ನಿರಂತರವಾಗಿ ಹರಿಯುವ ಒಂದೇ ಆಧಾರನಾದವು ಪಾಶ್ಚಾತ್ಯ ಎಲೆಕ್ಟ್ರಾನಿಕ್ ಸಂಗೀತದ ಆಂಬಿಯೆಂಟ್ ಎಂಬ ಪ್ರಕಾರಕ್ಕೂ ತಳಹದಿಯಾಗಿರುವುದರಿಂದ, ಈ ವಾದ್ಯವನ್ನು ಆ ಪ್ರಕಾರದೊಡನೆ ಹೋಲಿಸಿ ನೋಡಬಹುದಾಗಿದೆ.

ಹಿನ್ನೆಲೆ

ತಂಬೂರಿಯಲ್ಲಿ ಸಾಮಾನ್ಯವಾಗಿ ನಾಲ್ಕು ತಂತಿಗಳಿರುತ್ತವೆ. ಅವನ್ನು ಮಂದ್ರ ಪಂಚಮ, ಮಧ್ಯ ಷಡ್ಜ, ಮಧ್ಯ ಷಡ್ಜ ಮತ್ತು ಮಂದ್ರ ಷಡ್ಜಗಳಿಗೆ ಕ್ರಮವಾಗಿ ಶ್ರುತಿಗೊಳಿಸಲಾಗುತ್ತದೆ. ಎರಡು ಷಡ್ಜ ತಂತಿಗಳಿಗೆ ಸಾರಣಿ, ಅನುಸಾರಣಿ ಎಂಬ ಹೆಸರುಗಳಿವೆ. ಪಂಚಮವಿಲ್ಲದ ರಾಗಗಳಲ್ಲಿ ಮೊದಲನೆಯ ತಂತಿಯನ್ನು ಮಧ್ಯಮಕ್ಕೋ ನಿಷಾದಕ್ಕೋ ಹೊಂದಿಸುವುದುಂಟು. ತಂಬೂರಿಯಲ್ಲಿ ರಾಗವನ್ನು ನುಡಿಸುವುದಿಲ್ಲ. ರಾಗವು ನಿಲ್ಲಬೇಕಾದ ನೆಲೆಯನ್ನು ಅದು ಒದಗಿಸುತ್ತದೆ.

ತಂತಿಯ ತಂಬೂರಿಗೆ ಮೀಟುವವರೊಬ್ಬರು ಬೇಕು. ಅದು ದೊಡ್ಡ ವಾದ್ಯ. ಪ್ರಯಾಣದಲ್ಲಿ ಸುಲಭವಾಗಿ ಒಡೆಯುತ್ತದೆ. ಆದ್ದರಿಂದ ತಿದಿಯನ್ನು ಒತ್ತಿ ಗಾಳಿಯಿಂದ ನುಡಿಸುವ ಶ್ರುತಿಪೆಟ್ಟಿಗೆಯು ಮನೆಪಾಠಗಳಲ್ಲಿ ಬಳಕೆಗೆ ಬಂದಿತು. ಆದರೆ ಅದರ ನಾದವು ಹಾರ್ಮೋನಿಯಂ ಜಾತಿಯದು. ತಂತಿಯ ಝೇಂಕಾರ ಅದರಲ್ಲಿ ಇರಲಿಲ್ಲ. ಈ ಕೊರತೆಯನ್ನು ತುಂಬುವುದೇ ಎಲೆಕ್ಟ್ರಾನಿಕ್ ತಂಬೂರಿಯ ಉದ್ದೇಶವಾಗಿತ್ತು.

ನಾದದ ಸ್ವರೂಪ

ತಂಬೂರಿಯ ಕುದುರೆಯ ಮೇಲ್ಮೈ ಚಪ್ಪಟೆಯಾಗಿದ್ದು, ತುಸು ಬಾಗಿರುತ್ತದೆ. ಅದರ ಮೇಲೆ ತಂತಿಯ ಅಡಿಗೆ ಜೀವಾಳ ಎಂಬ ಸಣ್ಣ ದಾರವನ್ನು ಸಿಕ್ಕಿಸುತ್ತಾರೆ. ದಾರವನ್ನು ಹಿಂದೆ ಮುಂದೆ ಸರಿಸಿ ಸರಿಯಾದ ಸ್ಥಾನಕ್ಕೆ ತಂದಾಗ, ಕಂಪಿಸುವ ತಂತಿಯು ಕುದುರೆಯನ್ನು ಮತ್ತೆ ಮತ್ತೆ ಸವರುತ್ತಾ ಅನೇಕ ಉಪಸ್ವರಗಳನ್ನು ಹೊರಡಿಸುತ್ತದೆ. ತಂತಿಯನ್ನು ಮೀಟಿದ ಸ್ಥಾನದಿಂದಾಗಿ ಸಾಮಾನ್ಯವಾಗಿ ಕೇಳಿಸಬಾರದ ಉಪಸ್ವರಗಳೂ ಇಲ್ಲಿ ಕೇಳಿಸುತ್ತವೆ ಎಂಬುದನ್ನು ಸಿ. ವಿ. ರಾಮನ್ ಅವರು 1921ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ವಿವರಿಸಿದ್ದಾರೆ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಮಂದ್ರ ಷಡ್ಜದ ತಂತಿಯು ಸೆಕೆಂಡಿಗೆ 120 ಬಾರಿ ಕಂಪಿಸುತ್ತದೆ ಎಂದಿಟ್ಟುಕೊಂಡರೆ ಅದರ ಉಪಸ್ವರಗಳು 240, 360, 480, 600 ಎಂದು ಮುಂದುವರಿಯುತ್ತವೆ. ಇವುಗಳಲ್ಲಿ 240 ಮಧ್ಯ ಷಡ್ಜ, 360 ಪಂಚಮ, 480 ತಾರ ಷಡ್ಜ. 600 ಎಂಬುದು ತಾರ ಸ್ಥಾಯಿಯ ಅಂತರ ಗಾಂಧಾರ. ಯಾವ ತಂತಿಯನ್ನೂ ಗಾಂಧಾರಕ್ಕೆ ಕಟ್ಟಿರದಿದ್ದರೂ ಚೆನ್ನಾಗಿ ಶ್ರುತಿಗೂಡಿದ ತಂಬೂರಿಯಲ್ಲಿ ಗಾಂಧಾರವು ಕೇಳಿಸುವುದು ಇದರಿಂದಲೇ.

ಷಡ್ಜವು 240 ಆಗಿದ್ದಾಗ ಹೀಗೆ ಸಹಜವಾಗಿ ಒದಗುವ ಅಂತರ ಗಾಂಧಾರವು 300. ಸ್ಥಾಯಿಯನ್ನು 12 ಸಮಪಾಲುಗಳಾಗಿ ಹಂಚಿದ ಕೀಬೋರ್ಡಿನಲ್ಲಿ ಅದೇ ಗಾಂಧಾರವು ಸುಮಾರು 302.4 ಆಗುತ್ತದೆ. ಪಂಚಮದಲ್ಲಿ ಈ ವ್ಯತ್ಯಾಸ ತೀರ ಕಡಿಮೆ: 360ಕ್ಕೆ ಬದಲಾಗಿ ಸುಮಾರು 359.6. ಆದ್ದರಿಂದ ಕೀಬೋರ್ಡಿನ ಸ್ವರಗಳನ್ನು ತಂಬೂರಿಯೊಡನೆ ನುಡಿಸಿದಾಗ ಪಂಚಮವು ಹೊಂದಿಕೊಂಡಂತೆ ತೋರಿದರೂ ಗಾಂಧಾರವು ಹೊಂದದೆ ಉಳಿಯುತ್ತದೆ.

ರಚನೆ ಮತ್ತು ವಿಕಾಸ

ಆರಂಭದ ಮಾದರಿಗಳಲ್ಲಿ ನಾದವನ್ನು ವಿದ್ಯುನ್ಮಾನ ಮಂಡಲಗಳೇ ಸೃಷ್ಟಿಸುತ್ತಿದ್ದವು. ನಾಲ್ಕು ಸ್ವರಗಳು ತಂತಿ ಮೀಟಿದ ಕ್ರಮದಲ್ಲಿ ಒಂದರ ಹಿಂದೊಂದು ಮೊಳಗಿ ಮೆಲ್ಲನೆ ಕ್ಷೀಣಿಸುವಂತೆ ಇವು ರಚಿತವಾಗಿದ್ದವು. ಮುಂದೆ ನಿಜವಾದ ತಂಬೂರಿಯ ಧ್ವನಿಯನ್ನು ಮುದ್ರಿಸಿ ಸ್ಮೃತಿಕೋಶದಲ್ಲಿ ಇರಿಸಿ ನುಡಿಸುವ ಡಿಜಿಟಲ್ ಮಾದರಿಗಳು ಬಂದವು. ಈಗ ಅದೇ ಕೆಲಸವನ್ನು ಮೊಬೈಲ್ ಆ್ಯಪ್‌ಗಳೂ ಮಾಡುತ್ತವೆ.

ಶ್ರುತಿಯ ಎತ್ತರ, ಧ್ವನಿಯ ಪ್ರಮಾಣ, ಮೀಟಿನ ವೇಗ ಮತ್ತು ಮೊದಲನೆಯ ತಂತಿಯ ಸ್ವರ ಇವುಗಳನ್ನು ಬದಲಾಯಿಸಿಕೊಳ್ಳುವ ಅನುಕೂಲವು ಇಂತಹ ವಾದ್ಯಗಳಲ್ಲಿ ಇರುತ್ತದೆ. ಗಂಡಸರ ಕಂಠಕ್ಕೆ ಹೊಂದುವ ಒಂದು, ಒಂದೂವರೆ ಮನೆಯ ಶ್ರುತಿಯಿಂದ ಹೆಂಗಸರ ಕಂಠಕ್ಕೆ ಹೊಂದುವ ಐದು, ಐದೂವರೆ ಮನೆಯ ಶ್ರುತಿಯವರೆಗೆ ಒಂದೇ ಪೆಟ್ಟಿಗೆಯು ಸಾಕಾಗುತ್ತದೆ. ತಂತಿಯ ವಾದ್ಯದಲ್ಲಿ ಇಷ್ಟು ವ್ಯಾಪ್ತಿಗೆ ಬೇರೆ ಬೇರೆ ಅಳತೆಯ ತಂಬೂರಿಗಳೇ ಬೇಕಾಗುತ್ತವೆ.

ಹಾಸನ ಜಿಲ್ಲೆಯ ಸಂದರ್ಭ

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಂಡೆಯ ಮೇಲಿರುವ ರುದ್ರಪಟ್ಟಣವು ಸಂಗೀತ ಗ್ರಾಮವೆಂದು ಪ್ರಸಿದ್ಧವಾಗಿದೆ. 1995ರಲ್ಲಿ ಸಂಗೀತ ಕಲಾನಿಧಿ ಪ್ರಶಸ್ತಿಯನ್ನೂ 2011ರಲ್ಲಿ ಪದ್ಮಭೂಷಣವನ್ನೂ ಪಡೆದ ಆರ್. ಕೆ. ಶ್ರೀಕಂಠನ್ (1920–2014) ಇಲ್ಲಿಯವರು. ರುದ್ರಪಟ್ಟಣಂ ಸಹೋದರರೆಂದು ಹೆಸರಾದ ಆರ್. ಎನ್. ತ್ಯಾಗರಾಜನ್ ಮತ್ತು ಆರ್. ಎನ್. ತಾರಾನಾಥನ್ ಅವರೂ ಈ ಊರಿನ ಪರಂಪರೆಗೆ ಸೇರಿದವರು. ಗಾಯಕ ಆರ್. ಕೆ. ಪದ್ಮನಾಭ ಅವರ ಪ್ರಯತ್ನದಿಂದ ಇಲ್ಲಿ ನಿರ್ಮಾಣವಾದ ಸಪ್ತಸ್ವರ ದೇವತಾ ಧ್ಯಾನ ಮಂದಿರದ ಕಟ್ಟಡವು ತಂಬೂರಿಯ ಆಕಾರದಲ್ಲಿದೆ.

ರುದ್ರಪಟ್ಟಣದಂತಹ ಊರಿನಲ್ಲಿ ಸಂಗೀತದ ಮನೆತನಗಳಿದ್ದವು. ಗುರುವಿನ ಹಿಂದೆ ಕುಳಿತು ತಂಬೂರಿ ಮೀಟಲು ಶಿಷ್ಯರಿದ್ದರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಂತಹ ಊರುಗಳಲ್ಲಿ ಶಾಲೆ ಮುಗಿಸಿ ಪಾಠಕ್ಕೆ ಹೋಗುವ, ಜೂನಿಯರ್, ಸೀನಿಯರ್ ಹಾಗೂ ವಿದ್ವತ್ ಪರೀಕ್ಷೆಗಳಿಗೆ ಸಿದ್ಧರಾಗುವ ವಿದ್ಯಾರ್ಥಿಗಳಿಗೆ ಅಂತಹ ಅನುಕೂಲ ಸಾಮಾನ್ಯವಾಗಿ ಇರುವುದಿಲ್ಲ. ಒಬ್ಬರೇ ಕುಳಿತು ಬೆಳಗಿನ ಸಾಧನೆ ಮಾಡುವವರಿಗೆ ಎಲೆಕ್ಟ್ರಾನಿಕ್ ತಂಬೂರಿಯು ಹೆಚ್ಚು ಉಪಯುಕ್ತವಾಗಿರುವುದು ಈ ಕಾರಣದಿಂದ.

ಆಂಬಿಯೆಂಟ್ ಮತ್ತು ಡಬ್ ಸಂಗೀತದೊಡನೆ ಹೋಲಿಕೆ

ಕಿರಾನಾ ಘರಾಣೆಯ ಗಾಯಕ ಪಂಡಿತ್ ಪ್ರಾಣನಾಥ್ ಅವರು 1970ರಲ್ಲಿ ಅಮೆರಿಕಕ್ಕೆ ಹೋದರು. ಲಾ ಮಾಂಟ್ ಯಂಗ್, ಟೆರಿ ರೈಲಿ ಮೊದಲಾದ ಅಲ್ಲಿನ ಸಂಯೋಜಕರು ಅವರ ಶಿಷ್ಯರಾಗಿ, ತಂಬೂರಿಯನ್ನು ಶ್ರುತಿಗೂಡಿಸುವುದನ್ನೂ ಒಂದು ಸ್ವರದಲ್ಲಿ ದೀರ್ಘಕಾಲ ನಿಲ್ಲುವುದನ್ನೂ ಕಲಿತರು. ಇದೇ ಘರಾಣೆಯು ಅಬ್ದುಲ್ ಕರೀಂ ಖಾನ್ ಅವರಿಂದ ಕುಂದಗೋಳದ ಸವಾಯಿ ಗಂಧರ್ವರಿಗೂ, ಅವರಿಂದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರಿಗೂ ಬಂದು ಉತ್ತರ ಕರ್ನಾಟಕದಲ್ಲಿ ನೆಲೆನಿಂತಿತು.

ಇಂಗ್ಲೆಂಡಿನ ಬ್ರಯನ್ ಈನೊ ಅವರು 1978ರಲ್ಲಿ ವಿಮಾನ ನಿಲ್ದಾಣಗಳಿಗೆಂದು ರಚಿಸಿದ ಧ್ವನಿಮುದ್ರಿಕೆಗೆ ಆಂಬಿಯೆಂಟ್ ಎಂಬ ಹೆಸರನ್ನು ಕೊಟ್ಟರು. ಸುತ್ತಲಿನ ವಾತಾವರಣದಂತೆ ಆವರಿಸಿಕೊಳ್ಳುವ ಸಂಗೀತ ಎಂಬುದು ಇದರ ಅರ್ಥ. ಡಬ್ ಪ್ರಕಾರವು ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ 1960ರ ದಶಕದ ಕೊನೆಯಿಂದ ಬೆಳೆಯಿತು. ವಿದ್ಯುನ್ಮಾನ ಉಪಕರಣಗಳನ್ನು ದುರಸ್ತಿ ಮಾಡುತ್ತಿದ್ದ ಕಿಂಗ್ ಟಬ್ಬಿ ಮೊದಲಾದವರು ಸಿದ್ಧ ಹಾಡಿನ ಮುದ್ರಣದಿಂದ ಗಾಯನವನ್ನು ತೆಗೆದು, ಕೆಳಸ್ಥಾಯಿಯ ನಾದ ಮತ್ತು ತಾಳಗಳನ್ನು ಉಳಿಸಿ, ಅವಕ್ಕೆ ಪ್ರತಿಧ್ವನಿಯನ್ನು ಸೇರಿಸಿದರು.

ಈ ಎರಡು ಪ್ರಕಾರಗಳಲ್ಲಿಯೂ ಸಾಮಾನ್ಯವಾಗಿ ಹಿನ್ನೆಲೆಯಲ್ಲಿರುವ ನಾದವೇ ಮುಂದಕ್ಕೆ ಬರುತ್ತದೆ. ತಂಬೂರಿಯ ಸ್ಥಾನ ಹಾಗಲ್ಲ. ಕರ್ನಾಟಕ ಸಂಗೀತದಲ್ಲಿ ಶ್ರುತಿಯು ಆಧಾರ. ಅದರ ಮೇಲೆ ರಾಗ ಮತ್ತು ತಾಳಗಳು ಬೆಳೆಯಬೇಕು. ಶ್ರುತಿನಾದವೊಂದನ್ನೇ ಕಛೇರಿಯೆಂದು ಈ ಪದ್ಧತಿಯು ಪರಿಗಣಿಸುವುದಿಲ್ಲ.

ಭಾರತದ ಎಲೆಕ್ಟ್ರಾನಿಕ್ ಧ್ವನಿಮುದ್ರಿಕೆಗಳು

ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಮೂಗ್ ಸಿಂಥಸೈಜರ್ ಹೊಂದಿದ ಸ್ಟುಡಿಯೊ ಆರಂಭವಾಯಿತು. ಗೀತಾ ಸಾರಾಭಾಯಿ ಮೊದಲಾದವರು 1972ರವರೆಗೆ ಅಲ್ಲಿ ಮುದ್ರಿಸಿದ ರಚನೆಗಳ ಸಂಕಲನವು 2023ರಲ್ಲಿ ಬಿಡುಗಡೆಯಾಯಿತು. ಚರಣ್‌ಜಿತ್ ಸಿಂಗ್ ಅವರು ಹತ್ತು ರಾಗಗಳನ್ನು ಸಿಂಥಸೈಜರಿನಲ್ಲಿ ನುಡಿಸಿದ 1982ರ ಧ್ವನಿಮುದ್ರಿಕೆಯು ಆ ಕಾಲದಲ್ಲಿ ಹೆಚ್ಚು ಜನರನ್ನು ತಲುಪಲಿಲ್ಲ. 2010ರಲ್ಲಿ ಮರುಬಿಡುಗಡೆಯಾದ ಮೇಲೆ ಜಗತ್ತಿನ ಗಮನ ಸೆಳೆಯಿತು.

ಬೆಂಗಳೂರಿನ ತನ್ವಿ ರಾವ್ ಮತ್ತು ರಾಹುಲ್ ಗಿರಿ ಅವರ ಸಲ್ಕ್ ಸ್ಟೇಷನ್ ತಂಡವು ಟಿಲ್ ಯು ಅಪಿಯರ್ ಎಂಬ ಆಲ್ಬಮನ್ನು 2012ರಲ್ಲಿ ಹೊರತಂದಿತು. ಸುಗಮ ಸಂಗೀತದ ಗಾಯಕಿ ಎಂ. ಡಿ. ಪಲ್ಲವಿಯವರು ಜರ್ಮನಿಯ ಆಂಡಿ ಓಟೊ ಅವರೊಡನೆ ಸಾಂಗ್ಸ್ ಫಾರ್ ಬ್ರೋಕನ್ ಶಿಪ್ಸ್ ಎಂಬ ಎಲೆಕ್ಟ್ರಾನಿಕ್ ಆಲ್ಬಮನ್ನು ರಚಿಸಿದ್ದಾರೆ.

ಗುಣದೋಷಗಳು

ತಂತಿಯ ತಂಬೂರಿಯ ಶ್ರುತಿಯು ಬಿಸಿಲು, ತೇವಗಳಿಗೆ ಅನುಸಾರವಾಗಿ ಇಳಿಯುತ್ತದೆ, ಏರುತ್ತದೆ. ಎಲೆಕ್ಟ್ರಾನಿಕ್ ತಂಬೂರಿಯಲ್ಲಿ ಈ ತೊಂದರೆ ಇಲ್ಲ. ಅದು ಹಗುರವಾದುದು, ಮೀಟುವವರಿಲ್ಲದೆಯೂ ಗಂಟೆಗಟ್ಟಲೆ ನುಡಿಯುತ್ತದೆ.

ಇದರ ದೋಷವೂ ಈ ಗುಣದಲ್ಲಿಯೇ ಅಡಗಿದೆ. ಬಿರಡೆಯನ್ನು ತಿರುಗಿಸಿ, ಮಣಿಯನ್ನು ಸರಿಸಿ, ಜೀವಾಳವನ್ನು ಹೊಂದಿಸಿ ಗಾಂಧಾರ ಕೇಳಿಸುವವರೆಗೆ ಕಾಯುವ ಅಭ್ಯಾಸವೇ ವಿದ್ಯಾರ್ಥಿಯ ಕಿವಿಗೆ ಮೊದಲ ಪಾಠ. ಗುಂಡಿಯನ್ನು ಒತ್ತಿದೊಡನೆ ಶ್ರುತಿ ದೊರೆಯುವಲ್ಲಿ ಆ ಪಾಠವು ತಪ್ಪಿಹೋಗುತ್ತದೆ. ಮುದ್ರಿತ ಧ್ವನಿಯು ಪ್ರತಿ ಆವರ್ತನದಲ್ಲಿಯೂ ಒಂದೇ ಬಗೆಯಾಗಿರುತ್ತದೆ. ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಮಂದ್ರ ಷಡ್ಜವು ಕ್ಷೀಣವಾಗುತ್ತದೆ. ಆದ್ದರಿಂದ ನಿತ್ಯದ ಸಾಧನೆಗೆ ಯಂತ್ರವನ್ನು ಬಳಸಿದರೂ, ಶ್ರುತಿಗೂಡಿಸುವುದನ್ನು ತಂತಿಯ ತಂಬೂರಿಯಲ್ಲಿಯೇ ಕಲಿಯುವುದು ವಿದ್ಯಾರ್ಥಿಗೆ ಹಿತಕರ.