ವಾರ್ಡ್ ಸಮಿತಿ

ವಾರ್ಡ್ ಸಮಿತಿಯು ನಗರ ಪಾಲಿಕೆಯ ವಾರ್ಡೊಂದರ ನಾಗರಿಕ ಸಮಸ್ಯೆಗಳನ್ನು ಚರ್ಚಿಸಿ, ನಿವಾಸಿಗಳ ಬೇಡಿಕೆಗಳನ್ನು ಆಡಳಿತದ ಮುಂದಿಡುವ ಶಾಸನಬದ್ಧ ಸಂಸ್ಥೆಯಾಗಿದೆ. ಸಂವಿಧಾನದ 74ನೆಯ ತಿದ್ದುಪಡಿಯ (1992) ಮೂಲಕ ಸೇರ್ಪಡೆಯಾದ 243ಎಸ್ ವಿಧಿಯು, 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯುಳ್ಳ ನಗರಾಡಳಿತ ಪ್ರದೇಶಗಳಲ್ಲಿ ಇಂತಹ ಸಮಿತಿಗಳು ಇರಬೇಕೆಂದು ವಿಧಿಸುತ್ತದೆ.

ರಚನೆ

ಕರ್ನಾಟಕ ನಗರ ಪಾಲಿಕೆಗಳ ಅಧಿನಿಯಮಕ್ಕೆ (1976) 2011ರಲ್ಲಿ ತಂದ ತಿದ್ದುಪಡಿಯಂತೆ, ವಾರ್ಡಿನ ಪಾಲಿಕೆ ಸದಸ್ಯರೇ ಸಮಿತಿಯ ಅಧ್ಯಕ್ಷರು. ನಾಮನಿರ್ದೇಶಿತರಾದ 10 ಸದಸ್ಯರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು ಮತ್ತು ಇಬ್ಬರು ನಿವಾಸಿಗಳ ಸಂಘಗಳ ಪ್ರತಿನಿಧಿಗಳು ಇರಬೇಕು.

ಕಾರ್ಯವಿಧಾನ

ಕಸ ವಿಲೇವಾರಿ, ಚರಂಡಿ, ಬೀದಿದೀಪ, ಉದ್ಯಾನಗಳ ನಿರ್ವಹಣೆ ಮುಂತಾದವು ಸಭೆಯ ಮುಖ್ಯ ವಿಷಯಗಳು. ವಾರ್ಡಿನ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವುದೂ ಸಮಿತಿಯ ಹೊಣೆ. ಒಬ್ಬ ನಿವಾಸಿಯ ದೂರನ್ನು ಸಮಿತಿಯು ಚರ್ಚಿಸಿ ನಿರ್ಣಯವಾಗಿ ಅಂಗೀಕರಿಸಿದಾಗ ಅದು ವಾರ್ಡಿನ ಬೇಡಿಕೆಯಾಗುತ್ತದೆ. ಅಧಿಕಾರಿಗಳು ಕೈಗೊಂಡ ಕ್ರಮವನ್ನು ಮುಂದಿನ ಸಭೆಯಲ್ಲಿ ಪ್ರಶ್ನಿಸಲು ಸಭಾ ನಡಾವಳಿಯೇ ಆಧಾರ. ಆದ್ದರಿಂದ ನಡಾವಳಿಯನ್ನು ದಾಖಲಿಸಿ ಪ್ರಕಟಿಸುವುದಕ್ಕೆ ವಿಶೇಷ ಮಹತ್ವವಿದೆ.

ಬೆಂಗಳೂರಿನಲ್ಲಿ

198 ವಾರ್ಡುಗಳಿದ್ದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಮಂಡಳಿಯ ಅವಧಿಯು 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಹೊಸ ಚುನಾವಣೆ ನಡೆಯದ ಕಾರಣ, ಸಮಿತಿಯ ಸಭೆಗಳನ್ನು ನಡೆಸುವ ಹೊಣೆ ನೋಡಲ್ ಅಧಿಕಾರಿಗಳಿಗೆ ಬಂದಿತು. ಇದರಿಂದ ದೂರು ಆಲಿಸುವವರೂ ಅದಕ್ಕೆ ಉತ್ತರಿಸಬೇಕಾದವರೂ ಒಂದೇ ಆಡಳಿತಕ್ಕೆ ಸೇರಿದವರಾದರು. ವಾರ್ಡಿನ ಬೇಡಿಕೆಯನ್ನು ಪಾಲಿಕೆಯ ಸಭೆಯಲ್ಲಿ ಎತ್ತಬಲ್ಲ ಜನಪ್ರತಿನಿಧಿ ಇಲ್ಲದಂತಾಯಿತು. 2025ರಲ್ಲಿ ಆ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ರಚನೆಯಾದವು. ವಾರ್ಡ್ ಸಮಿತಿಗಳ ಏರ್ಪಾಡನ್ನು ಹೊಸ ಕಾನೂನು ಸಹ ಉಳಿಸಿಕೊಂಡಿದೆ.