ಕೇಳುಗರ ವಿಳಾಸ: ಅಂತರ್ಜಾಲ ಮತ್ತು ಸ್ವತಂತ್ರ ಸಂಗೀತಗಾರರು

ಧ್ವನಿಮುದ್ರಣದ ದೊಡ್ಡ ಕಂಪನಿಗಳ ಒಪ್ಪಂದಕ್ಕೆ ಒಳಪಡದೆ, ತಮ್ಮ ಖರ್ಚಿನಲ್ಲಿಯೇ ಹಾಡುಗಳನ್ನು ಮುದ್ರಿಸಿ, ಅವುಗಳ ಹಕ್ಕನ್ನು ತಮ್ಮಲ್ಲೇ ಉಳಿಸಿಕೊಳ್ಳುವವರನ್ನು ಸ್ವತಂತ್ರ ಸಂಗೀತಗಾರರೆಂದು ಕರೆಯುವುದು ವಾಡಿಕೆ. ಇಂಥವರಿಗೆ ಅಂತರ್ಜಾಲದಿಂದ ಒದಗಿದ ಅವಕಾಶಗಳನ್ನು ಸಾಮಾನ್ಯವಾಗಿ ಪ್ರತಿ ಮಾಡುವ ಮತ್ತು ಹಂಚುವ ವೆಚ್ಚ ಇಳಿದ ಕಥೆಯಾಗಿ ವಿವರಿಸಲಾಗುತ್ತದೆ. ಅದು ನಿಜವಾದರೂ ಅರ್ಧ ನಿಜ. 1993ರಿಂದ ಈಚಿನ ಬೆಳವಣಿಗೆಗಳನ್ನು ಸಾಲಾಗಿ ಇಟ್ಟು ನೋಡಿದರೆ, ಹಾಡನ್ನು ಕೊಂಡವರು ಯಾರು, ಅವರು ಎಲ್ಲಿರುವವರು ಎಂಬ ತಿಳಿವಳಿಕೆ ಯಾರ ಕೈಯಲ್ಲಿತ್ತೋ ಅವರೇ ಆಯಾ ಕಾಲದಲ್ಲಿ ಸಂಗೀತಗಾರರ ಸ್ವಾತಂತ್ರ್ಯದ ಎಲ್ಲೆಯನ್ನು ಗೊತ್ತುಮಾಡಿದರೆಂಬುದು ಸ್ಪಷ್ಟವಾಗುತ್ತದೆ.

ಪ್ರತಿ ಮಾಡುವುದು ಅಂತರ್ಜಾಲಕ್ಕೆ ಮೊದಲೂ ಅಸಾಧ್ಯವಾಗಿರಲಿಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪ್ರದೇಶದ ಬಜ್‌ಕಾಕ್ಸ್ ತಂಡವು ಸುಮಾರು 500 ಪೌಂಡು ಸಾಲ ಎತ್ತಿ, 'ಸ್ಪೈರಲ್ ಸ್ಕ್ರ್ಯಾಚ್' ಎಂಬ ತನ್ನ ಧ್ವನಿಮುದ್ರಿಕೆಯ ಸಾವಿರ ಪ್ರತಿಗಳನ್ನು 1977ರ ಜನವರಿಯಲ್ಲಿಯೇ ಹೊರತಂದಿತ್ತು. ಕಷ್ಟವಿದ್ದುದು ಮುಂದಿನ ಹೆಜ್ಜೆಯಲ್ಲಿ. ಅಂಗಡಿಯ ಕಪಾಟಿನಲ್ಲಿ ಜಾಗ ಸಿಗಬೇಕಾದರೆ ಸಗಟು ವಿತರಕರ ಒಪ್ಪಿಗೆ ಬೇಕಿತ್ತು. ಮಾರಾಟವಾಗದೆ ಉಳಿದ ಪ್ರತಿಗಳು ಮರಳಿ ಬಂದಾಗ ಆ ನಷ್ಟವನ್ನು ಹೊರುವ ಶಕ್ತಿ ಸಣ್ಣವರಿಗೆ ಇರಲಿಲ್ಲ. ವಿತರಣೆಯ ದೊಡ್ಡ ಜಾಲವಾದರೋ 1990ರ ದಶಕದ ಕೊನೆಯ ಹೊತ್ತಿಗೆ ಯೂನಿವರ್ಸಲ್, ಸೋನಿ, ವಾರ್ನರ್, ಇಎಂಐ, ಬಿಎಂಜಿ ಎಂಬ ಐದು ಕಂಪನಿಗಳ ಹಿಡಿತಕ್ಕೆ ಬಂದಿತ್ತು. ಹಾಗೂ ಹೀಗೂ ಅಂಗಡಿಯನ್ನು ಮುಟ್ಟಿದ ಧ್ವನಿಮುದ್ರಿಕೆಯನ್ನು ಯಾರು ಕೊಂಡೊಯ್ದರೆಂಬುದು ಹಾಡಿದವರಿಗೆ ಎಂದೂ ತಿಳಿಯುತ್ತಿರಲಿಲ್ಲ.

ಈ ಏರ್ಪಾಟಿಗೆ ಮೊದಲ ಪರ್ಯಾಯವನ್ನು ಒದಗಿಸಿದವರು ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್‌ನ ವಿದ್ಯಾರ್ಥಿಗಳು. ಜೆಫ್ ಪ್ಯಾಟರ್ಸನ್ ಮತ್ತು ರಾಬ್ ಲಾರ್ಡ್ ಅವರು ಜಾನ್ ಲೂಯಿನಿ ಅವರೊಡಗೂಡಿ 1993ರಲ್ಲಿ 'ಇಂಟರ್ನೆಟ್ ಅಂಡರ್‌ಗ್ರೌಂಡ್ ಮ್ಯೂಸಿಕ್ ಆರ್ಕೈವ್' ಎಂಬ ಸಂಗ್ರಹವನ್ನು ಸ್ಥಾಪಿಸಿ, ಪ್ಯಾಟರ್ಸನ್ ಅವರ ಅಗ್ಲಿ ಮಗ್ಸ್ ತಂಡದ ಹಾಡುಗಳಿಂದ ಅದನ್ನು ಆರಂಭಿಸಿದರು. ಅಂದಿನ ದೂರವಾಣಿ ಮೋಡೆಮ್ ಸೆಕೆಂಡಿಗೆ 14.4 ಕಿಲೋಬಿಟ್ ವೇಗದ್ದಾಗಿದ್ದುದರಿಂದ ನಾಲ್ಕು ಮೆಗಾಬೈಟಿನ ಒಂದು ಫೈಲನ್ನು ಇಳಿಸಿಕೊಳ್ಳಲು ಅರ್ಧ ಗಂಟೆಗೂ ಮೀರಿ ಕಾಯಬೇಕಿತ್ತು. ಆದರೆ ಪ್ರತಿ ತಂಡದ ಪುಟದಲ್ಲಿಯೂ ಹಾಡಿನೊಡನೆ ಆ ತಂಡವನ್ನು ಸಂಪರ್ಕಿಸುವ ವಿವರವೂ ಇರುತ್ತಿತ್ತಾದ್ದರಿಂದ, ಕೇಳಿ ಮೆಚ್ಚಿದವರು ನಡುವೆ ಯಾರ ಹಂಗೂ ಇಲ್ಲದೆ ಹಾಡಿದವರಿಗೇ ಬರೆಯುವುದು ಸಾಧ್ಯವಾಯಿತು.

ಕಾಯುವ ಹೊತ್ತನ್ನು ಕಡಿಮೆ ಮಾಡಿದ್ದು ಎಂಪಿ3. ಕಿವಿಗೆ ಹೇಗೂ ಕೇಳಿಸದ ಅಂಶಗಳನ್ನು ತೆಗೆದುಹಾಕಿ ಧ್ವನಿಯ ಫೈಲನ್ನು ಕುಗ್ಗಿಸುವ ಈ ವಿಧಾನವು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬರ್ಗ್ ಮತ್ತು ಸಂಗಡಿಗರ ದುಡಿಮೆಯಿಂದ ರೂಪುಗೊಂಡಿತು. ಸಿ.ಡಿ.ಯಲ್ಲಿ ನಿಮಿಷಕ್ಕೆ ಸುಮಾರು ಹತ್ತು ಮೆಗಾಬೈಟ್ ಬೇಡುತ್ತಿದ್ದ ಸಂಗೀತ ಇದರಲ್ಲಿ ಒಂದೇ ಮೆಗಾಬೈಟಿಗೆ ಇಳಿಯಿತು. ಇದನ್ನೇ ನೆಚ್ಚಿಕೊಂಡು ಮೈಕೆಲ್ ರಾಬರ್ಟ್‌ಸನ್ ಅವರು 1997ರಲ್ಲಿ ಸ್ಯಾನ್ ಡಿಯೇಗೋದಲ್ಲಿ ಸ್ಥಾಪಿಸಿದ ಎಂಪಿ3 ಡಾಟ್ ಕಾಮ್, ಹಾಡಿನ ಹಕ್ಕನ್ನು ಬಿಟ್ಟುಕೊಡಬೇಕೆಂದು ಕೇಳದೆ ಸಾವಿರಾರು ಅಪರಿಚಿತ ಕಲಾವಿದರಿಗೆ ಜಾಗ ಕೊಟ್ಟು, ಅವರ ಹಾಡುಗಳ ಸಿ.ಡಿ.ಗಳನ್ನು ಬೇಡಿಕೆ ಬಂದಾಗ ಮಾತ್ರ ತಯಾರಿಸಿ, ಬಂದ ಹಣದ ಅರ್ಧವನ್ನು ಅವರಿಗೆ ಸಲ್ಲಿಸುತ್ತಿತ್ತು. ಆದರೆ 2000ದಲ್ಲಿ ಅದೇ ಕಂಪನಿಯು ಕೇಳುಗರು ಕೊಂಡಿದ್ದ ಸಿ.ಡಿ.ಗಳ ಹಾಡುಗಳನ್ನು ತನ್ನ ಗಣಕಗಳಿಂದ ಕೇಳಿಸುವ ಬೇರೊಂದು ಸೇವೆಯನ್ನು ತೆರೆದು, ಹಕ್ಕುಸ್ವಾಮ್ಯದ ಮೊಕದ್ದಮೆಯಲ್ಲಿ ಸೋತು, 2001ರಲ್ಲಿ ವಿವೆಂಡಿ ಯೂನಿವರ್ಸಲ್ ಪಾಲಾಯಿತು. 2003ರಲ್ಲಿ ಆ ಹೆಸರು ಮತ್ತೆ ಕೈಬದಲಾದಾಗ ಹಾಡುಗಳ ಸಂಗ್ರಹವನ್ನು ಅಳಿಸಲಾಯಿತು. ವಿವಾದಕ್ಕೆ ಸಂಬಂಧವೇ ಇರದ ಕಲಾವಿದರು ಹಕ್ಕುಪತ್ರ ತಮ್ಮಲ್ಲೇ ಇದ್ದರೂ, ಕೇಳುಗರು ತಮ್ಮನ್ನು ಹುಡುಕಿ ಬರುತ್ತಿದ್ದ ನೆಲೆಯನ್ನು ಹೀಗೆ ಕಳೆದುಕೊಂಡರು.

ಇದೇ ಅವಧಿಯಲ್ಲಿ ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್‌ನಲ್ಲಿ ಸ್ವತಃ ಸಂಗೀತಗಾರರಾದ ಡೆರೆಕ್ ಸಿವರ್ಸ್ ಅವರು ತಮ್ಮ ಸಿ.ಡಿ.ಯನ್ನು ಮಾರಲು ಹೊರಟು, ಗೆಳೆಯರ ಸಿ.ಡಿ.ಗಳನ್ನೂ ಸೇರಿಸಿಕೊಳ್ಳುತ್ತ ಸಿಡಿ ಬೇಬಿ ಎಂಬ ಅಂಗಡಿಯನ್ನು ಕಟ್ಟಿದರು. ಅದರ ಲೆಕ್ಕಾಚಾರ ಸರಳವಾಗಿತ್ತು: ಪ್ರತಿ ಸಿ.ಡಿ.ಯನ್ನು ನೋಂದಾಯಿಸಲು ಒಮ್ಮೆ 35 ಡಾಲರ್, ಮಾರಾಟವಾದ ಪ್ರತಿಯೊಂದಕ್ಕೆ ಅಂಗಡಿಯ ಪಾಲು 4 ಡಾಲರ್, ಉಳಿದದ್ದೆಲ್ಲ ವಾರವಾರವೂ ಸಂಗೀತಗಾರರಿಗೆ. ವಿತರಕರಿಂದ ಬಾಕಿ ವಸೂಲಿಗೆ ತಿಂಗಳುಗಟ್ಟಲೆ ಕಾಯುತ್ತಿದ್ದವರಿಗೆ ಈ ವಾರದ ಸಂದಾಯವೇ ದೊಡ್ಡ ಬದಲಾವಣೆಯಾಗಿತ್ತು. ಅದಕ್ಕಿಂತ ಮುಖ್ಯವಾದುದು, ಕೊಂಡವರ ಹೆಸರು ಮತ್ತು ವಿಳಾಸವನ್ನು ಅಂಗಡಿಯು ಸಂಗೀತಗಾರರಿಗೆ ಒಪ್ಪಿಸುತ್ತಿದ್ದ ಪದ್ಧತಿ. ಯಾವ ಊರಿನಲ್ಲಿ ತನ್ನನ್ನು ಕೇಳುವವರಿದ್ದಾರೆಂದು ತಿಳಿದ ತಂಡವು ಮುಂದಿನ ಕಾರ್ಯಕ್ರಮವನ್ನು ಎಲ್ಲಿ ಇಟ್ಟುಕೊಳ್ಳಬೇಕೆಂಬುದನ್ನು ಊಹೆಗೆ ಬಿಡಬೇಕಾಗಿರಲಿಲ್ಲ.

ವಿಳಾಸದ ಪಟ್ಟಿಯೇ ಬಂಡವಾಳವಾಗಬಲ್ಲದೆಂಬುದನ್ನು ತೋರಿಸಿಕೊಟ್ಟದ್ದು ಇಂಗ್ಲೆಂಡಿನ ಮಾರಿಲಿಯನ್ ತಂಡ. ಅಮೆರಿಕದ ಪ್ರವಾಸಕ್ಕೆ ಹಣವಿಲ್ಲವೆಂದು ಅದು ತಿಳಿಸಿದಾಗ, ಇಮೇಲ್ ಮೂಲಕ ಒಂದುಗೂಡಿದ ಅಭಿಮಾನಿಗಳೇ ಸುಮಾರು 60,000 ಡಾಲರ್ ಕೂಡಿಸಿ 1997ರ ಪ್ರವಾಸವನ್ನು ಸಾಧ್ಯವಾಗಿಸಿದರು. 2001ರಲ್ಲಿ ಹೊರಬಂದ ಅದರ ಧ್ವನಿಮುದ್ರಿಕೆಗೆ ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿ ಮುದ್ರಣಕ್ಕೆ ಮೊದಲೇ ಮುಂಗಡ ಕೊಟ್ಟರು. ಇದೇ ಬಗೆಯ ಮುಂಗಡದ ಆಧಾರದ ಮೇಲೆ, ಆರ್ಟಿಸ್ಟ್‌ಶೇರ್ ಎಂಬ ತಾಣದ ಮೂಲಕ ಮಾರಿಯಾ ಷ್ನೈಡರ್ ಅವರು ಹೊರತಂದ 'ಕಾನ್ಸರ್ಟ್ ಇನ್ ದಿ ಗಾರ್ಡನ್' ಎಂಬ ಜಾಜ್ ಕೃತಿ, ಅಂಗಡಿಗಳಲ್ಲಿ ಮಾರಾಟಕ್ಕೇ ಇರದಿದ್ದರೂ 2005ರಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನು ಪಡೆಯಿತು.

2003ರ ಏಪ್ರಿಲ್ 28ರಂದು ಆ್ಯಪಲ್ ಕಂಪನಿಯು ಹಾಡೊಂದಕ್ಕೆ 99 ಸೆಂಟ್ ಬೆಲೆಯ ಐಟ್ಯೂನ್ಸ್ ಮಳಿಗೆಯನ್ನು ತೆರೆದ ಮೇಲೆ ಗಾಳಿ ಬೇರೆ ಕಡೆಗೆ ಬೀಸತೊಡಗಿತು. ಸಿಡಿ ಬೇಬಿ, ಟ್ಯೂನ್‌ಕೋರ್ ಮುಂತಾದ ಮಧ್ಯವರ್ತಿ ಸೇವೆಗಳ ಮೂಲಕ ಯಾರ ಹಾಡಾದರೂ ಆ ಮಳಿಗೆಯನ್ನು ಸೇರಬಹುದಾಯಿತು. ಕಪಾಟಿನ ಕೊರತೆ ಶಾಶ್ವತವಾಗಿ ನೀಗಿತು. ಆದರೆ ಕೊಂಡವರ ವಿವರ ಮಳಿಗೆಯಲ್ಲಿಯೇ ಉಳಿಯಿತು. 2008ರ ಅಕ್ಟೋಬರಿನಲ್ಲಿ ಆರಂಭವಾದ ಸ್ವೀಡನ್ನಿನ ಸ್ಪಾಟಿಫೈ ಜನಪ್ರಿಯಗೊಳಿಸಿದ ಸ್ಟ್ರೀಮಿಂಗ್, ಅಂದರೆ ಹಾಡನ್ನು ಕೊಳ್ಳದೆ ಕೇಳುವಷ್ಟು ಹೊತ್ತು ಮಾತ್ರ ಹರಿಸಿಕೊಳ್ಳುವ ವ್ಯವಸ್ಥೆ, ಈ ಅಂತರವನ್ನು ಇನ್ನೂ ಹಿಗ್ಗಿಸಿತು. ಇದರಲ್ಲಿ ಚಂದಾ ಮತ್ತು ಜಾಹೀರಾತಿನ ಹಣವೆಲ್ಲ ಒಂದೇ ಹುಂಡಿಗೆ ಬೀಳುತ್ತದೆ. ಕಂಪನಿಯು ತನ್ನ ಪಾಲನ್ನು ತೆಗೆದಿಟ್ಟು, ಉಳಿದದ್ದನ್ನು ಒಟ್ಟು ಆಲಿಕೆಯಲ್ಲಿ ಯಾರ ಹಾಡಿನ ಪ್ರಮಾಣ ಎಷ್ಟೆಂದು ಎಣಿಸಿ ಹಂಚುತ್ತದೆ. ಆದ್ದರಿಂದ ತಿಂಗಳಿಡೀ ಒಬ್ಬರೇ ಗಾಯಕರನ್ನು ಕೇಳಿದ ಚಂದಾದಾರರ ಹಣವೂ ನೇರವಾಗಿ ಆ ಗಾಯಕರಿಗೆ ತಲುಪುವುದಿಲ್ಲ. ಯಾವ ಊರಿನಲ್ಲಿ ಎಷ್ಟು ಮಂದಿ ಕೇಳಿದರೆಂಬ ಅಂಕಿ ಸಂಗೀತಗಾರರಿಗೆ ಸಿಗುತ್ತದಾದರೂ ಅವರ ಹೆಸರು ಸಿಗುವುದಿಲ್ಲ. 2024ರಿಂದ, ಹನ್ನೆರಡು ತಿಂಗಳಲ್ಲಿ ಸಾವಿರ ಬಾರಿ ಕೇಳಲ್ಪಡದ ಹಾಡಿಗೆ ಆ ಹುಂಡಿಯಿಂದ ಪಾಲೂ ಇಲ್ಲ. 2008ರಲ್ಲಿಯೇ ಶುರುವಾದ ಬ್ಯಾಂಡ್‌ಕ್ಯಾಂಪ್ ಎಂಬ ಮಾರಾಟದ ತಾಣ ಮಾತ್ರ ಬೆಲೆಯ ನಿರ್ಧಾರವನ್ನು ಕಲಾವಿದರಿಗೇ ಬಿಟ್ಟು, ಒಪ್ಪಿದ ಕೇಳುಗರ ಇಮೇಲ್ ವಿಳಾಸವನ್ನು ಅವರಿಗೆ ಕೊಡುವ ಹಳೆಯ ಪದ್ಧತಿಯನ್ನು ಉಳಿಸಿಕೊಂಡಿತು. ಆದರೆ ಅದು ಕೂಡ 2022 ಮತ್ತು 2023ರಲ್ಲಿ ಎರಡು ಬಾರಿ ಒಡೆತನ ಬದಲಿಸಿತು.

ಕರ್ನಾಟಕದ ಅನುಭವವೂ ಇದಕ್ಕೆ ಹೊರತಲ್ಲ. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ, ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ಟೆಂದು ಹೆಸರಾದ 1978ರ 'ನಿತ್ಯೋತ್ಸವ'ದ ತರುವಾಯ, ಸಿನಿಮಾದ ಹೊರಗಿನ ಹಾಡುಗಳಿಗೆ ಕ್ಯಾಸೆಟ್ ಅಂಗಡಿಯೇ ದಾರಿಯಾಗಿತ್ತು. ಶಿಶುನಾಳ ಶರೀಫರ ತತ್ತ್ವಪದಗಳನ್ನು ಹೊಸ ಧಾಟಿಯಲ್ಲಿ ಹಾಡಿದ ರಘು ದೀಕ್ಷಿತ್ ಅವರ ಮೊದಲ ಧ್ವನಿಮುದ್ರಿಕೆ 2008ರಲ್ಲಿ ಹೊರಬಂದು, 2010ರಲ್ಲಿ ಬಿಬಿಸಿಯ ದೂರದರ್ಶನ ಕಾರ್ಯಕ್ರಮವೊಂದರಲ್ಲಿ ಅವರು ಹಾಡಿದ ಮೇಲೆ, ಐಟ್ಯೂನ್ಸ್‌ನ ಬ್ರಿಟನ್ ಮಳಿಗೆಯ ವಿಶ್ವಸಂಗೀತದ ಪಟ್ಟಿಯಲ್ಲಿ ಮೇಲೇರಿತು. ಲಂಡನ್ನಿನ ಅಂಗಡಿಗೆ ಕ್ಯಾಸೆಟ್ಟುಗಳನ್ನು ಸಾಗಿಸಬೇಕಾಗಿದ್ದ ಕಾಲದಲ್ಲಿ ಇದು ಆಗುವ ಮಾತಾಗಿರಲಿಲ್ಲ. ಆದರೂ ಹಾಡಿದವರ ಮತ್ತು ಕೊಂಡವರ ನಡುವೆ ಮಳಿಗೆ ನಿಂತೇ ಇತ್ತು.

ಆ ನಡುವಿನ ಗೋಡೆ ನಿಜವಾಗಿ ಬಿದ್ದದ್ದು ಮಾರಾಟದಲ್ಲಲ್ಲ, ಪಾಠದಲ್ಲಿ. ಬೆಂಗಳೂರು, ಮೈಸೂರುಗಳ ಅನೇಕ ವಿದ್ವಾಂಸರು ಸ್ಕೈಪ್‌ನಂಥ ಸೌಕರ್ಯಗಳ ಮೂಲಕ ಅಮೆರಿಕದ ಕನ್ನಡ ಕುಟುಂಬಗಳ ಮಕ್ಕಳಿಗೆ ಕರ್ನಾಟಕ ಸಂಗೀತವನ್ನು ಕಲಿಸತೊಡಗಿದರು. ಇಲ್ಲಿಯ ಮುಂಜಾನೆ ಕ್ಯಾಲಿಫೋರ್ನಿಯಾದ ಹಿಂದಿನ ದಿನದ ಸಂಜೆಯಾಗಿರುವುದರಿಂದ ಸಾಧಕದ ಹೊತ್ತೂ ಶಾಲೆ ಬಿಟ್ಟ ಹೊತ್ತೂ ಹೊಂದಿಕೊಂಡವು. ಸಂಕೇತ ತಡವಾಗಿ ತಲುಪುವುದರಿಂದ ಗುರು ಶಿಷ್ಯರು ಒಟ್ಟಿಗೆ ಹಾಡಲಾಗದೆ, ಗುರು ಹೇಳಿ ನಿಲ್ಲಿಸಿದ ಮೇಲೆ ಶಿಷ್ಯರು ಹೇಳಬೇಕಾಗುವ ತೊಡಕು ಇದರಲ್ಲಿದ್ದರೂ, 2020ರ ಲಾಕ್‌ಡೌನಿನಲ್ಲಿ ಸಂಗೀತ ಕಚೇರಿಗಳು ನಿಂತಾಗ ಹಲವರಿಗೆ ಈ ಪಾಠದ ಸಂಭಾವನೆಯೇ ಆಸರೆಯಾಯಿತು. ಲಕ್ಷಾಂತರ ಆಲಿಕೆಗಳ ಅಂಕಿಯನ್ನು ಕಾಣುವ ಗಾಯಕರಿಗೆ ಕೇಳುಗರಲ್ಲಿ ಒಬ್ಬರ ಹೆಸರೂ ತಿಳಿಯದಿರುವಾಗ, ಹತ್ತು ಮಕ್ಕಳಿಗೆ ಪಾಠ ಹೇಳುವ ಗುರುವಿಗೆ ಹತ್ತೂ ಮಕ್ಕಳ ಹೆಸರು, ಊರು, ಶ್ರುತಿ ಗೊತ್ತಿರುತ್ತದೆ. ಪಾಠ ನಡೆಯುವ ತಾಣ ನಾಳೆ ಮುಚ್ಚಿದರೆ ಆತ ಇನ್ನೊಂದರಲ್ಲಿ ಅವರನ್ನು ಕರೆದು ಪಾಠ ಮುಂದುವರಿಸಬಲ್ಲ.